ಟಿಎಸ್‌ಎಚ್ ಜಾಸ್ತಿ, ಥೈರಾಯ್ಡ್ ಕಮ್ಮಿ: ದೇಹ ತಾನೇ ಸರಿಪಡಿಸಿಕೊಳ್ಳುತ್ತದೆ ಎಂದರೆ ಏನರ್ಥ?

ಪ್ರಶ್ನೆ: ನಾನು ಮುಳಬಾಗಿಲು ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 44. ಸುಸ್ತು ಎಂದು ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ 8.6 ಬಂತು, ಟಿ4 ನಾರ್ಮಲ್ ಇದೆ. ರಿಪೋರ್ಟಿನಲ್ಲಿ ‘ಹೈ’ ಎಂದು ಬರೆದಿದ್ದರೆ ಡಾಕ್ಟರು ‘ಥೈರಾಯ್ಡ್ ಸ್ವಲ್ಪ ಕಮ್ಮಿ’ ಎನ್ನುತ್ತಾರೆ. ನರಸಾಪುರದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮಾಡುವ ನನ್ನ ತಮ್ಮನಿಗೆ ಖಾಲಿ ಹೊಟ್ಟೆಯ ಸಕ್ಕರೆ 96, ಅಂದರೆ ನಾರ್ಮಲ್. ಆದರೂ ಎಚ್ಚರಿಕೆಯಿಂದಿರಬೇಕು ಎಂದಿದ್ದಾರೆ. ನಮ್ಮ ತಂದೆಗೆ 72 ವರ್ಷ, ಹೃದಯ ದುರ್ಬಲವಾಗಿದೆ. ಅವರ ಬಿಪಿ 110/70 ಇದ್ದರೂ ಬಿಪಿ ಮಾತ್ರೆ ಕೊಟ್ಟಿದ್ದಾರೆ. ನಮ್ಮ ಬೀದಿಯ ಹಿರಿಯರೊಬ್ಬರು, ‘ದೇಹಕ್ಕೆ ಅದರದ್ದೇ ಬುದ್ಧಿ ಐತೆ, ತಾನೇ ಸರಿ ಮಾಡ್ಕೊಳ್ತೈತೆ, ಮಾತ್ರೆ ಕೊಟ್ಟಷ್ಟೂ ಸೋಮಾರಿ ಆಗ್ತೈತೆ’ ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲೂ ಆಗುತ್ತಿಲ್ಲ, ಒಪ್ಪಲೂ ಆಗುತ್ತಿಲ್ಲ. ಹಾಗಾದರೆ ಆರೋಗ್ಯ ಎಂದರೆ ನಾರ್ಮಲ್ ಅಂಕಿಯೇ, ಅಥವಾ ಬೇರೆ ಏನಾದರೂ ಇದೆಯೇ?

ಉತ್ತರ: ನಿಮ್ಮ ರಿಪೋರ್ಟಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ತಮ್ಮನ ಮತ್ತು ತಂದೆಯವರ ವಿಷಯದಲ್ಲಿ ನಿಮಗಿರುವ ಗೊಂದಲವೂ ಅದೇ ಜಾತಿಯದು.

ಟಿಎಸ್‌ಎಚ್ ಎಂಬುದು ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟುವ ವಸ್ತುವಲ್ಲ. ಮಿದುಳಿನ ತಳದಲ್ಲಿ ಕಡಲೆಕಾಳಿನ ಗಾತ್ರದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ರಕ್ತಕ್ಕೆ ಬಿಡುತ್ತದೆ. ಅದು ಕತ್ತಿನಲ್ಲಿರುವ ಥೈರಾಯ್ಡಿಗೆ ‘ಹಾರ್ಮೋನು ತಯಾರಿಸು’ ಎಂದು ಹೋಗುವ ಅಪ್ಪಣೆ. ಥೈರಾಯ್ಡ್ ತಯಾರಿಸಿದ ಟಿ4 ಮತ್ತು ಟಿ3 ರಕ್ತದಲ್ಲಿ ಸಾಕಷ್ಟಾದಾಗ ಅವು ಪಿಟ್ಯುಟರಿಗೆ ಮರಳಿ ಮುಟ್ಟಿ ಆ ಅಪ್ಪಣೆಯನ್ನು ತಗ್ಗಿಸುತ್ತವೆ, ಕಡಿಮೆಯಾದಾಗ ಅಪ್ಪಣೆ ತಾನಾಗಿ ಏರುತ್ತದೆ. ಬೀದಿಯಲ್ಲಿ ಆಡುತ್ತಿರುವ ಮಗುವನ್ನು ತಾಯಿ ಊಟಕ್ಕೆ ಕರೆಯುವುದನ್ನು ನೆನೆಸಿಕೊಳ್ಳಿ. ಮಗು ಒಂದೇ ಕರೆಗೆ ಬಂದರೆ ದನಿ ಏರುವುದಿಲ್ಲ. ಬಾರದಿದ್ದರೆ ಎರಡನೆಯ ಕರೆ ಜೋರಾಗುತ್ತದೆ, ಮೂರನೆಯದು ಇನ್ನೂ ಜೋರು. ಪಕ್ಕದ ಮನೆಯಲ್ಲಿ ಕುಳಿತವರಿಗೆ ಮಗು ಕಾಣದಿದ್ದರೂ ತಾಯಿಯ ದನಿಯಿಂದಲೇ ಮಗು ಬರುತ್ತಿಲ್ಲ ಎಂಬುದು ತಿಳಿಯುತ್ತದೆ. ನಿಮ್ಮ 8.6 ಆ ಏರಿದ ದನಿ. ಸಾಮಾನ್ಯವಾಗಿ ಅದು 0.4ರಿಂದ 4.5ರ ಆಸುಪಾಸಿನಲ್ಲಿರುತ್ತದೆ. ಟಿ4 ಸ್ವಲ್ಪವೇ ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುವ ಸ್ವಭಾವ ಈ ಜೋಡಿಗಿದೆ, ಆದ್ದರಿಂದಲೇ ಟಿ4 ಇನ್ನೂ ನಾರ್ಮಲ್ ಗೆರೆಗಳ ಒಳಗಿರುವಾಗಲೇ ವೈದ್ಯರಿಗೆ ಸುಳಿವು ಸಿಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನಿಮ್ಮ ಟಿ4 ನಾರ್ಮಲ್ ಎಂಬುದು ನಿಜ. ಆದರೆ ಮೊದಲು ಮೆಲುದನಿಗೆ ಬರುತ್ತಿದ್ದ ಟಿ4 ಈಗ ಎರಡು ಪಟ್ಟು ಕೂಗಿಗೆ ಬರುತ್ತಿದೆ. ಅಂಕಿ ಅದೇ, ಅದನ್ನು ಉಳಿಸಿಕೊಳ್ಳಲು ದೇಹ ಪಡುತ್ತಿರುವ ಶ್ರಮ ಬೇರೆ. ರಕ್ತದಲ್ಲಿರುವ ಒಂದು ವಸ್ತುವಿನ ಪ್ರಮಾಣವನ್ನಷ್ಟೇ ಆರೋಗ್ಯ ಎಂದು ಓದುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ನಾನು ಬಹುಕಾಲ ಶರೀರಕ್ರಿಯಾಶಾಸ್ತ್ರವನ್ನು ಪಾಠ ಹೇಳಿ, ಈಗ ಕೋಲಾರದಲ್ಲಿ ರೋಗಿಗಳನ್ನು ನೋಡುತ್ತಿರುವವನು. ಅಂಕಿ ಎಷ್ಟಿದೆ ಎಂಬುದರ ಜೊತೆಗೆ, ಆ ಅಂಕಿಯನ್ನು ಹಿಡಿದಿಡಲು ದೇಹ ಎಷ್ಟು ಬೆಲೆ ತೆರುತ್ತಿದೆ ಎಂದು ಕೇಳುವುದನ್ನು ವಿದ್ಯಾರ್ಥಿಗಳಿಗೂ ರೋಗಿಗಳಿಗೂ ಕಲಿಸುವುದೇ ನನ್ನ ಕೆಲಸದ ಮುಖ್ಯ ಭಾಗವೆಂದು ನಂಬಿದ್ದೇನೆ.

ಈ ಆಲೋಚನೆಗೆ ಒಂದು ಚರಿತ್ರೆಯಿದೆ. ಆರೋಗ್ಯವೆಂದರೆ ಸಮತೋಲ ಎಂಬ ನಂಬಿಕೆ ಬಹಳ ಹಳೆಯದು. ನಮ್ಮಲ್ಲಿ ವಾತ, ಪಿತ್ತ, ಕಫಗಳ ಸಾಮ್ಯವೆಂದರು, ಗ್ರೀಕರು ನಾಲ್ಕು ರಸಗಳ ಸಾಮ್ಯವೆಂದರು. ಆದರೆ ಸಮತೋಲ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಎರಡೂ ತಟ್ಟೆ ಸಮನಾಗಿ ನಿಂತ ತಕ್ಕಡಿ, ಮತ್ತು ನಿಂತ ತಕ್ಕಡಿ ಏನನ್ನೂ ಮಾಡುತ್ತಿರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಕ್ಲಾಡ್ ಬರ್ನಾರ್ಡ್ (1813–1878) ನಮ್ಮ ಜೀವಕೋಶಗಳು ಬದುಕುವುದು ಹೊರಗಿನ ಗಾಳಿ ಬಿಸಿಲುಗಳಲ್ಲಿ ಅಲ್ಲ, ರಕ್ತ ಮತ್ತು ಅಂಗಾಂಶದ ದ್ರವಗಳೆಂಬ ಒಳಗಿನ ಪರಿಸರದಲ್ಲಿ, ಅದು ಸ್ಥಿರವಾಗಿರುವುದರಿಂದಲೇ ಹೊರಗೆ ನಾವು ಸ್ವತಂತ್ರವಾಗಿ ಓಡಾಡಬಲ್ಲೆವು ಎಂದು ತೋರಿಸಿದರು. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಆಘಾತಸ್ಥಿತಿಯನ್ನು ಹತ್ತಿರದಿಂದ ಕಂಡಿದ್ದ ಅಮೆರಿಕದ ವಾಲ್ಟರ್ ಕ್ಯಾನನ್ 1926ರಲ್ಲಿ ಈ ಸ್ಥಿರತೆಗೆ ‘ಹೋಮಿಯೋಸ್ಟ್ಯಾಸಿಸ್’ ಎಂಬ ಹೆಸರಿಟ್ಟರು. ಪದದ ಮೊದಲ ಭಾಗಕ್ಕೆ ಅವರು ‘ಒಂದೇ’ ಎಂಬ ಅರ್ಥದ ಗ್ರೀಕ್ ಶಬ್ದವನ್ನು ಬಿಟ್ಟು ‘ಹೋಲುವ’ ಎಂಬ ಅರ್ಥದ್ದನ್ನು ಬೇಕೆಂದೇ ಆರಿಸಿಕೊಂಡದ್ದು ನನಗೆ ಬಹಳ ಮುಖ್ಯವೆನಿಸುತ್ತದೆ: ದೇಹ ಒಂದೇ ಬಿಂದುವಿನಲ್ಲಿ ನಿಲ್ಲುವುದಿಲ್ಲ, ಒಂದು ವ್ಯಾಪ್ತಿಯೊಳಗೆ ಸದಾ ತೂಗುತ್ತಿರುತ್ತದೆ.

ಹಾಗೆ ತೂಗುವಂತೆ ಮಾಡುವ ವ್ಯವಸ್ಥೆಗೆ ಫೀಡ್‌ಬ್ಯಾಕ್, ಅಂದರೆ ಹಿಮ್ಮಾಹಿತಿ ಎಂಬ ಹೆಸರು ಬಂದದ್ದು ಯಂತ್ರಶಾಸ್ತ್ರದಿಂದ. ಉಗಿಯಂತ್ರದ ವೇಗ ಹೆಚ್ಚಾದರೆ ಉಗಿಯನ್ನು ತಾನೇ ತಗ್ಗಿಸುವ ಗವರ್ನರನ್ನು ಜೇಮ್ಸ್ ವಾಟ್ 1788ರಲ್ಲೇ ಬಳಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್, ಕ್ಯಾನನ್ ಜೊತೆ ಕೆಲಸ ಮಾಡಿದ್ದ ಶರೀರಕ್ರಿಯಾತಜ್ಞ ಆರ್ಟುರೊ ರೋಸನ್‌ಬ್ಲೂತ್ ಮತ್ತು ಎಂಜಿನಿಯರ್ ಜೂಲಿಯನ್ ಬಿಗೆಲೋ ಸೇರಿ, ಗುರಿಯತ್ತ ಸಾಗುವ ಯಂತ್ರಕ್ಕೂ ಗುರಿಯತ್ತ ಕೈಚಾಚುವ ದೇಹಕ್ಕೂ ಒಂದೇ ತರ್ಕವಿದೆ ಎಂದು 1943ರಲ್ಲಿ ಬರೆದರು: ಗುರಿಗೂ ವಾಸ್ತವಕ್ಕೂ ಇರುವ ಅಂತರವನ್ನು ಅಳೆ, ಆ ಅಂತರ ಕಡಿಮೆಯಾಗುವ ದಿಕ್ಕಿನಲ್ಲಿ ಕೆಲಸ ಮಾಡು, ಮತ್ತೆ ಅಳೆ.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಲು ಉಗಿಯಂತ್ರ ಬೇಕಿಲ್ಲ, ಕೆರೆಯ ನೀರಗಂಟಿ ಸಾಕು. ಅವನು ದಿನವೂ ಕೆರೆಯ ನೀರಿನ ಮಟ್ಟವನ್ನೂ ಗದ್ದೆಯ ತೇವವನ್ನೂ ನೋಡಿ ತೂಬನ್ನು ಅಷ್ಟಿಷ್ಟು ಎತ್ತುತ್ತಾನೆ, ಮರುದಿನ ಬಂದು ಏನಾಯಿತೆಂದು ನೋಡಿ ಮತ್ತೆ ಸರಿಪಡಿಸುತ್ತಾನೆ. ಅದು ಹಿಮ್ಮಾಹಿತಿ. ಕೆರೆಯ ಕೋಡಿ ಹಾಗಲ್ಲ. ನೀರು ಒಂದು ಮಟ್ಟ ದಾಟಿದರೆ ಅದು ಹರಿಯುತ್ತದೆ, ಯಾರನ್ನೂ ಕೇಳುವುದಿಲ್ಲ. ದೇಹದಲ್ಲಿ ಎರಡೂ ಇವೆ. ರಕ್ತದ ಸಕ್ಕರೆಯನ್ನು ಕ್ಷಣಕ್ಷಣವೂ ನೋಡಿ ಅದನ್ನು ಇಳಿಸುವ ಇನ್ಸುಲಿನ್ ಮತ್ತು ಏರಿಸುವ ಗ್ಲುಕಗಾನ್‌ಗಳನ್ನು ಹೆಚ್ಚುಕಡಿಮೆ ಮಾಡುವ ಮೇದೋಜೀರಕ ಗ್ರಂಥಿ ನೀರಗಂಟಿ; ಸಕ್ಕರೆ ಸುಮಾರು 180 ದಾಟಿದಾಗ ಅದನ್ನು ಮೂತ್ರಕ್ಕೆ ಚೆಲ್ಲುವ ಮೂತ್ರಪಿಂಡ ಕೋಡಿ. ವಯಸ್ಸಾದಂತೆ ಈ ಕೋಡಿ ಎತ್ತರವಾಗುವುದುಂಟು, ಆದ್ದರಿಂದ ಮೂತ್ರದಲ್ಲಿ ಸಕ್ಕರೆ ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ಕಾಯಿಲೆ ಇಲ್ಲವೆಂದು ಹೇಳಲಾಗದು. ಈಚಿನ ವರ್ಷಗಳಲ್ಲಿ ಬಹಳ ಬಳಕೆಗೆ ಬಂದಿರುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಮಾಡುವ ಕೆಲಸವೂ ಇದೇ: ಅವು ಕೋಡಿಯನ್ನು ತಗ್ಗಿಸಿ ಹೆಚ್ಚಿನ ಸಕ್ಕರೆ ಹೊರಗೆ ಹರಿಯುವಂತೆ ಮಾಡುತ್ತವೆ.

ಈಗ ನಿಮ್ಮ ತಮ್ಮನ 96. ಇದು ನಾರ್ಮಲ್ ಆಗಿರುವಾಗ ವೈದ್ಯರು ಏಕೆ ಎಚ್ಚರಿಸಿದರು?

ನಮ್ಮ ಕಡೆಯ ಕೊಳವೆಬಾವಿಯನ್ನು ನೋಡಿ. ಮೂವತ್ತು ವರ್ಷದ ಹಿಂದೆ 300 ಅಡಿಯಲ್ಲಿ ಸಿಕ್ಕ ನೀರು ಇಂದು 1,200 ಅಡಿಗೆ ಇಳಿದಿರಬಹುದು, ಆದರೆ ಮೋಟಾರನ್ನು ಇಳಿಸಿ, ಪೈಪು ಸೇರಿಸಿ, ಹೆಚ್ಚಿನ ಎಚ್‌ಪಿಯದ್ದನ್ನು ಹಾಕಿದರೆ ತೋಟದ ಪೈಪಿನ ಬಾಯಲ್ಲಿ ಬರುವ ನೀರು ಎರಡಿಂಚೇ. ಪೈಪಿನ ಬಾಯನ್ನು ಮಾತ್ರ ನೋಡುವವನಿಗೆ ಏನೂ ಬದಲಾಗಿಲ್ಲ. ಕೆಳಗೆ ಏನಾಗಿದೆ ಎಂಬುದು ಗೊತ್ತಾಗಬೇಕಾದರೆ ಮೋಟಾರಿನ ಆಳವನ್ನು ಕೇಳಬೇಕು. ಹೊಟ್ಟೆಯ ಸುತ್ತ ಕೊಬ್ಬು ಸೇರಿ, ಸ್ನಾಯುಗಳೂ ಯಕೃತ್ತೂ ಇನ್ಸುಲಿನ್ನಿನ ಮಾತಿಗೆ ಕಿವುಡಾಗತೊಡಗಿದಾಗ, ಮೇದೋಜೀರಕ ಗ್ರಂಥಿ ಎರಡು ಮೂರು ಪಟ್ಟು ಇನ್ಸುಲಿನ್ ಸುರಿದು ಸಕ್ಕರೆಯನ್ನು 96ರಲ್ಲೇ ಹಿಡಿದಿಡುತ್ತದೆ; ವರ್ಷಗಟ್ಟಲೆ ಹಿಡಿದಿಡುತ್ತದೆ. ಅಷ್ಟು ದುಡಿದು ದಣಿದು, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಸೋಲಲಾರಂಭಿಸಿದ ಮೇಲೆಯೇ ಅಂಕಿ ಏರುವುದು. ಸಕ್ಕರೆ ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಈ ಕೋಶಗಳ ಸಾಮರ್ಥ್ಯ ಸುಮಾರು ಅರ್ಧಕ್ಕೆ ಇಳಿದಿರುತ್ತದೆ ಎಂಬ ಅಂದಾಜು ಬ್ರಿಟನ್ನಿನಲ್ಲಿ ನಡೆದ ದೊಡ್ಡ ಅಧ್ಯಯನದಿಂದ ಬಂದದ್ದು.

ಮೋಟಾರಿನ ಆಳವನ್ನು ಹೊರಗಿನಿಂದ ಊಹಿಸುವ ಒಂದು ದಾರಿಯಿದೆ. ತಮ್ಮನನ್ನು ಬೆಳಕಿಗೆ ಬೆನ್ನು ಮಾಡಿ ಕೂರಿಸಿ, ಕತ್ತಿನ ಹಿಂಭಾಗವನ್ನು ನೋಡಿ. ಅಂಗಿಯ ಕಾಲರ್ ಮುಟ್ಟುವ ಕಡೆ ಚರ್ಮ ಮಡಿಕೆಮಡಿಕೆಯಾಗಿ, ಮಖಮಲ್ಲಿನ ಬಟ್ಟೆಯಂತೆ ದಪ್ಪವಾಗಿ ಕಪ್ಪಾಗಿದೆಯೇ? ಬಿಸಿಲಿನ ಕಪ್ಪು ಮಡಿಕೆಯ ಒಳಗೆ ಹೋಗುವುದಿಲ್ಲ, ಇದು ಹೋಗುತ್ತದೆ. ಕೊಳೆಯೆಂದು ಕಲ್ಲಿನಿಂದ ಉಜ್ಜಿ ಉಜ್ಜಿ ಕೆಂಪಾಗಿಸಿಕೊಂಡು ಬರುವ ಹುಡುಗರನ್ನು ನಾನು ಪ್ರತಿ ವಾರ ನೋಡುತ್ತೇನೆ. ಅದು ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನೂ ಬೆಳೆಸುವುದರಿಂದ ಉಂಟಾಗುವ ಗುರುತು. ಉಜ್ಜಿದರೆ ಹೋಗದು, ತೂಕ ಇಳಿಸಿದರೆ ಎಷ್ಟೋ ಜನರಲ್ಲಿ ತಿಳಿಯಾಗುತ್ತದೆ. ನಿಮ್ಮ ವೈದ್ಯರು ಇದನ್ನೇ ಕಂಡಿರಬಹುದು, ಅಥವಾ ಸೊಂಟದ ಸುತ್ತಳತೆಯನ್ನು.

ಇನ್ನೊಂದು ದಾರಿ, ವ್ಯವಸ್ಥೆಯನ್ನು ಬೇಕೆಂದೇ ತಳ್ಳಿ ನೋಡುವುದು. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆಯುವ ಪರೀಕ್ಷೆ ಇದೆಯಲ್ಲ, ಅದು ಅಳೆಯುವುದು ಸಕ್ಕರೆಯನ್ನಲ್ಲ, ಮರಳುವ ಶಕ್ತಿಯನ್ನು. ಎರಡು ಗಂಟೆಯಲ್ಲಿ 140ರ ಕೆಳಗೆ ಮರಳಿದರೆ ಸರಿ. 140ರಿಂದ 199ರ ನಡುವೆ ನಿಂತರೆ ನೀರಗಂಟಿ ದಣಿದಿದ್ದಾನೆ. 200 ಅಥವಾ ಹೆಚ್ಚಾದರೆ ಕಾಯಿಲೆ. ಸುಮ್ಮನೆ ಕುಳಿತಾಗ 96 ಇರುವ ಇಬ್ಬರಲ್ಲಿ ಒಬ್ಬರು 110ಕ್ಕೆ ಮರಳಿರುತ್ತಾರೆ, ಇನ್ನೊಬ್ಬರು 185ರಲ್ಲಿ ನಿಂತಿರುತ್ತಾರೆ. ಹಿಮ್ಮಾಹಿತಿಯ ಆಲೋಚನೆ ಆರೋಗ್ಯದ ಅರ್ಥವನ್ನು ಬದಲಿಸಿದ್ದು ಇಲ್ಲಿಯೇ ಎಂದು ನನಗನಿಸುತ್ತದೆ. ತಳ್ಳಿದಾಗ ಎಷ್ಟು ಬೇಗ, ಎಷ್ಟು ಕಡಿಮೆ ಶ್ರಮದಿಂದ ಮರಳುತ್ತೀರಿ ಎಂಬುದನ್ನು ಕೇಳದೆ ‘ನಾರ್ಮಲ್’ ಎಂದು ಮುದ್ರೆ ಒತ್ತುವುದು ಅರ್ಧ ಪರೀಕ್ಷೆ.

ಅದೇ ಮುದ್ರೆಯ ಇನ್ನೊಂದು ದೋಷವನ್ನೂ ಹೇಳಿಬಿಡುತ್ತೇನೆ. ಲ್ಯಾಬುಗಳ ನಾರ್ಮಲ್ ಗೆರೆಗಳನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗಿರುವಂತೆ ಎಳೆದಿರುತ್ತಾರೆ, ಅಂದರೆ ಆರೋಗ್ಯವಂತರಲ್ಲೇ 5 ಜನ ಹೊರಗಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ ಪೂರ್ಣ ಆರೋಗ್ಯವಂತರಲ್ಲೂ ಒಂದಾದರೂ ಗೆರೆ ದಾಟುವ ಸಾಧ್ಯತೆ ನೂರಕ್ಕೆ ಸುಮಾರು 64. ಪ್ಯಾಕೇಜಿನಲ್ಲಿ ಮಾಡಿಸಿದ ರಿಪೋರ್ಟಿನ ಒಂದು ದಪ್ಪಕ್ಷರವನ್ನು ಹಿಡಿದುಕೊಂಡು ರಾತ್ರಿಯಿಡೀ ನಿದ್ದೆಗೆಟ್ಟು ಬರುವವರಿಗೆ ನಾನು ಮೊದಲು ಈ ಲೆಕ್ಕವನ್ನೇ ಬರೆದು ತೋರಿಸುತ್ತೇನೆ.

ಇನ್ನು ನಿಮ್ಮ ಬೀದಿಯ ಹಿರಿಯರ ಮಾತು. ದೇಹಕ್ಕೆ ತನ್ನದೇ ಬುದ್ಧಿಯಿದೆ ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಜ್ವರವನ್ನೇ ನೋಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ರೈತರನ್ನು ಎರಡು ಕಂಬಳಿ ಹೊದಿಸಿ ಆಟೋದಲ್ಲಿ ಕರೆತಂದರು. ಹಲ್ಲು ಕಟಕಟ ಎನ್ನುತ್ತಿತ್ತು, ತೋಳಿನ ಕೂದಲು ನಿಂತಿತ್ತು, ಬೆರಳ ತುದಿಗಳು ತಣ್ಣಗೆ ಬಿಳಿಚಿಕೊಂಡಿದ್ದವು. ಕಂಕುಳಲ್ಲಿಟ್ಟ ಥರ್ಮಾಮೀಟರ್ ಮಾತ್ರ 103 ತೋರಿಸುತ್ತಿತ್ತು. ‘ಮೈ ಕೆಂಡ ಆಗೈತೆ, ಚಳಿ ಅಂತಾರಲ್ಲ ಸಾರ್’ ಎಂದು ಮಗ ಕಂಗಾಲಾಗಿದ್ದ. ಸೋಂಕಿನ ಸುದ್ದಿ ತಲುಪಿದ ಮೇಲೆ ಮಿದುಳಿನ ಹೈಪೋಥಲಾಮಸ್ ತಾನು ಕಾಯಬೇಕಾದ ಉಷ್ಣತೆಯ ಗುರಿಯನ್ನೇ ಮೇಲಕ್ಕೆ ಎತ್ತಿಟ್ಟಿತ್ತು. ಗುರಿ 104ಕ್ಕೆ ಏರಿದಾಗ 103 ಚಳಿಯೇ. ಆದ್ದರಿಂದ ದೇಹ ನಡುಗಿ ಶಾಖ ಹುಟ್ಟಿಸುತ್ತಿತ್ತು, ಚರ್ಮದ ರಕ್ತನಾಳಗಳನ್ನು ಮುಚ್ಚಿ ಶಾಖ ಹೊರಹೋಗದಂತೆ ತಡೆಯುತ್ತಿತ್ತು. ಪ್ಯಾರಸಿಟಮಾಲ್ ಆ ಗುರಿಯನ್ನು ಕೆಳಗಿಳಿಸುತ್ತದೆ. ಮುಕ್ಕಾಲು ಗಂಟೆಯಲ್ಲಿ ಅವರು ಕಂಬಳಿಯನ್ನು ತಾವೇ ಒದ್ದು ಬೆವರತೊಡಗಿದರು. ಅದೇ ಬೇಸಗೆಯಲ್ಲಿ ಬಿಸಿಲಿನ ಹೊಡೆತಕ್ಕೆ ಬಿದ್ದವರಲ್ಲಿ ಗುರಿ ಏರಿರುವುದಿಲ್ಲ, ತಣಿಸುವ ವ್ಯವಸ್ಥೆ ಸೋತಿರುತ್ತದೆ. ಅವರಿಗೆ ಪ್ಯಾರಸಿಟಮಾಲ್ ಉಪಯೋಗಕ್ಕೆ ಬಾರದು, ತಣ್ಣೀರು ಸುರಿದು ಗಾಳಿ ಬೀಸಬೇಕು. ಥರ್ಮಾಮೀಟರಿನ ಅಂಕಿ ಎರಡರಲ್ಲೂ ಒಂದೇ ಇರಬಹುದು.

ಆದರೆ ದೇಹದ ಬುದ್ಧಿಗೆ ಮೇರೆಗಳಿವೆ. ಮೊದಲನೆಯದು, ಅದು ಗಮನಿಸಬಲ್ಲ ವಸ್ತುಗಳನ್ನು ಮಾತ್ರ ಅದು ಕಾಯುತ್ತದೆ. ರಕ್ತದ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚರಗೊಂಡು ಮೂಳೆಯಿಂದ ತೆಗೆದು ತುಂಬುತ್ತವೆ. ರಕ್ತದಲ್ಲಿ ಅಂಕಿ ಸರಿಯಿರುತ್ತದೆ, ಸಾಲ ಮೂಳೆಯ ಲೆಕ್ಕದಲ್ಲಿ ಏರುತ್ತದೆ. ಫ್ಲೋರೈಡಿಗೆ ಇಂಥ ಕಾವಲೇ ಇಲ್ಲ. ಪಾವಗಡ, ಬಾಗೇಪಲ್ಲಿ ಕಡೆಯ ಆಳದ ಬಾವಿಗಳ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿ ಫ್ಲೋರೈಡ್ ಬಂದಾಗ ಅದನ್ನು ಅಳೆದು ತಡೆಯುವ ಹಾರ್ಮೋನು ದೇಹದಲ್ಲಿಲ್ಲ. ಮೂತ್ರಪಿಂಡ ಹೊರಹಾಕಿದಷ್ಟು ಹೋಗುತ್ತದೆ, ಉಳಿದದ್ದು ಹಲ್ಲು ಮೂಳೆಗಳಲ್ಲಿ ಕೂರುತ್ತದೆ. ಮಕ್ಕಳ ಹಲ್ಲಿನ ಕಂದು ಪಟ್ಟೆಗಳನ್ನೂ, ಬೆನ್ನು ಮಡಿಸಲಾಗದೆ ಮರದ ಕೊರಡಿನಂತೆ ತಿರುಗುವ ಹಿರಿಯರನ್ನೂ ಕಂಡ ಮೇಲೆ ‘ದೇಹ ತಾನೇ ಸರಿಮಾಡಿಕೊಳ್ಳುತ್ತದೆ’ ಎಂದು ಆ ಊರಿನವರಿಗೆ ಹೇಳಲು ನನಗೆ ಬಾಯಿ ಬಾರದು. ಅಲ್ಲಿ ಅಳತೆಯ ಕೆಲಸವನ್ನೂ ತಡೆಯುವ ಕೆಲಸವನ್ನೂ ಊರೇ ಮಾಡಬೇಕು: ನೀರಿನ ಪರೀಕ್ಷೆ, ಶುದ್ಧೀಕರಣ ಘಟಕ, ಮಳೆನೀರಿನ ಸಂಗ್ರಹ.

ಎರಡನೆಯ ಮೇರೆ ನಿಮ್ಮ ತಂದೆಯವರದ್ದು, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಹೃದಯ ದುರ್ಬಲವಾಗಿ ಅದು ಪಂಪು ಮಾಡುವ ರಕ್ತ ಕಡಿಮೆಯಾದಾಗ ಕತ್ತಿನ ಮತ್ತು ಎದೆಯ ದೊಡ್ಡ ಅಪಧಮನಿಗಳಲ್ಲಿರುವ ಒತ್ತಡದ ಸಂವೇದಕಗಳು ‘ಒತ್ತಡ ಇಳಿಯುತ್ತಿದೆ’ ಎಂದು ವರದಿ ಕಳಿಸುತ್ತವೆ. ಈ ವ್ಯವಸ್ಥೆ ರೂಪುಗೊಂಡಿರುವುದು ರಕ್ತಸ್ರಾವ, ವಾಂತಿಭೇದಿಗಳಂಥ ಸಂದರ್ಭಕ್ಕೆ. ಗಾಯದಿಂದ ರಕ್ತ ಹೋಗಿ ಒತ್ತಡ ಇಳಿದಿದೆಯೋ, ಪಂಪು ಸೋತು ಇಳಿದಿದೆಯೋ ಎಂಬುದನ್ನು ಗುರುತಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಅದು ತನಗೆ ಗೊತ್ತಿರುವುದನ್ನೇ ಮಾಡುತ್ತದೆ: ಅಡ್ರಿನಲಿನ್ ಏರಿಸಿ ಹೃದಯವನ್ನು ಓಡಿಸುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ, ಮೂತ್ರಪಿಂಡದಿಂದ ರೆನಿನ್ ಎಂಬ ವಸ್ತುವನ್ನು ಬಿಡಿಸಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ. ಗಾಯಾಳುವಿಗೆ ಇದು ಜೀವದಾನ. ನಿಮ್ಮ ತಂದೆಯವರ ದಣಿದ ಹೃದಯಕ್ಕೆ ಮಾತ್ರ ಬಿಗಿದ ನಾಳಗಳ ವಿರುದ್ಧ ಹೆಚ್ಚಿನ ನೀರನ್ನು ನೂಕುವ ಶಿಕ್ಷೆ. ಹೃದಯ ಇನ್ನಷ್ಟು ಸೋಲುತ್ತದೆ, ಸಂವೇದಕಗಳು ಇನ್ನಷ್ಟು ಕೂಗುತ್ತವೆ, ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಸರಿಪಡಿಸುವ ಸುತ್ತೇ ಕಾಯಿಲೆಯ ಸುತ್ತಾಗುವುದು ಹೀಗೆ.

ಅವರ ಮಾತ್ರೆಯ ಹಾಳೆಗಳನ್ನು ತಿರುವಿ ನೋಡಿ. ಹೆಸರು ‘ಪ್ರಿಲ್’, ‘ಸಾರ್ಟಾನ್’ ಅಥವಾ ‘ಲಾಲ್’ ಎಂದು ಮುಗಿಯುತ್ತಿರಬಹುದು. ಅವುಗಳನ್ನು ಬಿಪಿ ಮಾತ್ರೆ ಎಂದು ಕರೆಯುವುದು ರೂಢಿ, ಆದರೆ ಇಲ್ಲಿ ಅವು ಬಿಪಿಗಾಗಿ ಕೊಟ್ಟವಲ್ಲ. ಮೇಲೆ ಹೇಳಿದ ಆ ತಪ್ಪು ತಿದ್ದುಪಡಿಯನ್ನು ತಡೆಯಲು ಕೊಟ್ಟವು. ವೈದ್ಯಶಾಸ್ತ್ರಕ್ಕೇ ಇದನ್ನು ಒಪ್ಪಲು ಬಹಳ ಕಾಲ ಹಿಡಿಯಿತು. ಸೋತ ಹೃದಯಕ್ಕೆ ಅಡ್ರಿನಲಿನ್ ಆಸರೆಯಾಗಿದೆ, ಅದನ್ನು ತಡೆಯುವ ಬೀಟಾ ಬ್ಲಾಕರ್ ಕೊಡುವುದು ಅಪಾಯ ಎಂದೇ ನಂಬಲಾಗಿತ್ತು. 1970ರ ದಶಕದಲ್ಲಿ ಸ್ವೀಡನ್ನಿನ ಕೆಲವು ವೈದ್ಯರು ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ಕೊಟ್ಟು ನೋಡಿದರು, 1990ರ ದಶಕದ ದೊಡ್ಡ ಪ್ರಯೋಗಗಳು ಅದರಿಂದ ಆಯುಸ್ಸು ಹೆಚ್ಚುತ್ತದೆ ಎಂದು ಸ್ಥಾಪಿಸಿದವು. ‘ಬಿಪಿ ನಾರ್ಮಲ್ ಇದೆ’ ಎಂದು ಮನೆಯವರೇ ನಿಲ್ಲಿಸಿ, ಹದಿನೈದು ದಿನದಲ್ಲಿ ಏದುಸಿರಿನೊಂದಿಗೆ ಮರಳಿ ಬಂದ ಹಿರಿಯರನ್ನು ನಾನು ಕಂಡಿದ್ದೇನೆ. ದಯವಿಟ್ಟು ನಿಲ್ಲಿಸಬೇಡಿ.

‘ಸೋಮಾರಿ ಆಗ್ತೈತೆ’ ಎಂಬ ಮಾತಿನಲ್ಲೂ ಸತ್ಯದ ಒಂದು ಪಾಲಿದೆ, ಮತ್ತು ಆ ಪಾಲು ಅಪಾಯಕಾರಿಯಾದ್ದರಿಂದ ಹೇಳಲೇಬೇಕು. ಕೀಲುನೋವು, ಉಬ್ಬಸಗಳಿಗೆ ಸ್ಟೀರಾಯ್ಡ್ ಮಾತ್ರೆಯನ್ನೋ ಚುಚ್ಚುಮದ್ದನ್ನೋ ವಾರಗಟ್ಟಲೆ ತೆಗೆದುಕೊಂಡರೆ, ರಕ್ತದಲ್ಲಿ ಅದು ಸಾಕಷ್ಟಿದೆಯೆಂದು ಪಿಟ್ಯುಟರಿ ತನ್ನ ಅಪ್ಪಣೆಯನ್ನು ನಿಲ್ಲಿಸುತ್ತದೆ, ಅಪ್ಪಣೆಯಿಲ್ಲದೆ, ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಕುಗ್ಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತಾಗಬಹುದು, ಹಂತಹಂತವಾಗಿ ಇಳಿಸಬೇಕು. ಆದರೆ ನಿಮಗೆ ಕೊಡಬಹುದಾದ ಥೈರಾಕ್ಸಿನ್, ಅಂದರೆ ಟಿ4 ಮಾತ್ರೆಯ ವಿಷಯದಲ್ಲಿ ಈ ಭಯ ಬೇಡ. ಅಲ್ಲಿ ಗ್ರಂಥಿ ಮೊದಲೇ ಕುಂದಿರುತ್ತದೆ, ಮಾತ್ರೆ ತುಂಬುವುದು ಆ ಕೊರತೆಯನ್ನು ಮಾತ್ರ.

ತಮ್ಮನ ರಾತ್ರಿ ಪಾಳಿಯ ಬಗ್ಗೆ ಹೇಳುವಾಗ ಕ್ಯಾನನ್ ಬಿಟ್ಟುಹೋದ ಒಂದು ಕೊರತೆಯನ್ನೂ ಹೇಳಬೇಕು. ಏರುಪೇರಾದ ಮೇಲೆ ಸರಿಪಡಿಸುವುದಷ್ಟೇ ದೇಹದ ಕೆಲಸವಲ್ಲ, ಮುಂದೆ ಬರಲಿರುವುದನ್ನು ಊಹಿಸಿ ಮೊದಲೇ ಸಿದ್ಧವಾಗುವುದೂ ಅದರ ಕೆಲಸ. ಎಚ್ಚರಾಗುವ ಮೊದಲೇ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ, ನಿದ್ದೆಯಲ್ಲಿ ರಕ್ತದೊತ್ತಡ ನೂರಕ್ಕೆ 10ರಿಂದ 20ರಷ್ಟು ಇಳಿಯುತ್ತದೆ, ಊಟದ ರುಚಿ ನಾಲಿಗೆಗೆ ತಗುಲುತ್ತಲೇ ಇನ್ಸುಲಿನ್ ಜಿನುಗುತ್ತದೆ. ಪೀಟರ್ ಸ್ಟರ್ಲಿಂಗ್ ಮತ್ತು ಜೋಸೆಫ್ ಐಯರ್ 1988ರಲ್ಲಿ ಇದಕ್ಕೆ ‘ಅಲೊಸ್ಟ್ಯಾಸಿಸ್’ ಎಂದು ಹೆಸರಿಟ್ಟರು, ಅಂದರೆ ಬದಲಾವಣೆಯ ಮೂಲಕವೇ ಸ್ಥಿರತೆ. ಬೇಡಿಕೆ ಸದಾ ಹೆಚ್ಚಾಗಿರುವ ಬದುಕಿನಲ್ಲಿ ದೇಹ ಗುರಿಯನ್ನೇ ಮೇಲೆತ್ತಿಬಿಡುತ್ತದೆ. ಏರಿದ ರಕ್ತದೊತ್ತಡವೇ ಅದಕ್ಕೆ ಸಹಜವಾಗುತ್ತದೆ, ಸಂವೇದಕಗಳೂ ಆ ಮಟ್ಟಕ್ಕೆ ಒಗ್ಗಿಬಿಡುತ್ತವೆ. ಹೀಗೆ ದಿನವೂ ಹೊಂದಿಕೊಳ್ಳುವುದರಿಂದ ಕೂಡಿಬರುವ ಸವೆತವನ್ನು ಬ್ರೂಸ್ ಮೆಕ್‌ಇವೆನ್ 1993ರಲ್ಲಿ ‘ಅಲೊಸ್ಟ್ಯಾಟಿಕ್ ಹೊರೆ’ ಎಂದು ಕರೆದರು.

ಹೊಂದಿಕೊಳ್ಳುವುದು ಯಾವಾಗಲೂ ಕೆಡುಕಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿ ಮೂರು ಕಿಲೋಮೀಟರಿಗೂ ಆಳವಿತ್ತು, ತಳದ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಅಲ್ಲಿಗೆ ತಂಪು ಗಾಳಿ ಕಳಿಸಿದರೂ ಸೆಕೆ ಸೆಕೆಯೇ. ಅಂಥ ಸೆಕೆಯಲ್ಲಿ ದುಡಿಯುವವರ ದೇಹ ಒಂದೆರಡು ವಾರದಲ್ಲಿ ಬೇಗ ಬೆವರಲು, ಹೆಚ್ಚು ಬೆವರಲು, ಬೆವರಿನಲ್ಲಿ ಉಪ್ಪನ್ನು ಉಳಿಸಿಕೊಳ್ಳಲು ಕಲಿಯುತ್ತದೆ. ಫ್ರಾನ್ಸಿನ ವೈದ್ಯ ಹಾಗೂ ತತ್ತ್ವಜ್ಞ ಜಾರ್ಜ್ ಕಾಂಗಿಲೆಮ್ 1943ರಲ್ಲಿ, ಹೊಸ ಸನ್ನಿವೇಶಕ್ಕೆ ಹೊಸ ಕ್ರಮವನ್ನು ಕಟ್ಟಿಕೊಳ್ಳಬಲ್ಲ ಶಕ್ತಿಯೇ ಆರೋಗ್ಯ, ಒಂದೇ ಕ್ರಮಕ್ಕೆ ಕಟ್ಟುಬಿದ್ದು ಬೇರೆಯದನ್ನು ತಾಳಲಾರದ ಸ್ಥಿತಿಯೇ ರೋಗ ಎಂಬ ಅರ್ಥದ ಮಾತು ಹೇಳಿದರು. ನಾನು ಕಂಡ ವ್ಯಾಖ್ಯಾನಗಳಲ್ಲಿ ಅದು ನನಗೆ ಅತ್ಯಂತ ಹತ್ತಿರದ್ದು. ಆದರೆ ಹೊಂದಿಕೊಳ್ಳಲು ದೇಹಕ್ಕೆ ಒಂದು ಲಯ ಸಿಗಬೇಕು. ಒಂದು ವಾರ ಹಗಲು, ಒಂದು ವಾರ ರಾತ್ರಿ ಎಂದು ಪಾಳಿ ತಿರುಗುತ್ತಿದ್ದರೆ ಆ ಲಯವೇ ಸಿಗುವುದಿಲ್ಲ. ಅದೇ ಮುದ್ದೆ ಸಾರನ್ನು ರಾತ್ರಿ ಎರಡಕ್ಕೆ ಉಂಡರೆ ಮಧ್ಯಾಹ್ನ ಉಂಡಾಗಿಗಿಂತ ಸಕ್ಕರೆ ಹೆಚ್ಚು ಏರುತ್ತದೆ, ಏಕೆಂದರೆ ಆ ಹೊತ್ತಿಗೆ ದೇಹ ಊಟವನ್ನು ನಿರೀಕ್ಷಿಸಿರುವುದಿಲ್ಲ. ಅವನು ದೊಡ್ಡ ಊಟವನ್ನು ಪಾಳಿಗೆ ಹೋಗುವ ಮುನ್ನವೇ ಮಾಡಿ ನಡುರಾತ್ರಿಯಲ್ಲಿ ಹಗುರವಾಗಿ ತಿನ್ನಲಿ, ಎರಡು ಗಂಟೆಯ ಗ್ಲೂಕೋಸ್ ಪರೀಕ್ಷೆಯನ್ನು ಒಮ್ಮೆ ಮಾಡಿಸಲಿ. ಅವನಿಗೆ ಬರಬಹುದಾದ ಕಾಯಿಲೆಯನ್ನು ಅವನ ನಾಲಿಗೆಯ ಚಾಪಲ್ಯಕ್ಕೆ ಕಟ್ಟಿ ಬೈಯಬೇಡಿ. ಪಾಳಿಯ ಪಟ್ಟಿಯನ್ನು ಬರೆಯುವವರು ಅವನಲ್ಲ.

ನಿಮ್ಮ ವಿಷಯಕ್ಕೆ ಮರಳುತ್ತೇನೆ. ಟಿಎಸ್‌ಎಚ್ 10ರ ಒಳಗಿದ್ದು ಟಿ4 ನಾರ್ಮಲ್ ಇರುವಾಗ ಒಂದೇ ರಿಪೋರ್ಟಿನ ಮೇಲೆ ಜೀವಮಾನದ ಮಾತ್ರೆ ಆರಂಭಿಸುವ ಆತುರ ಸಾಮಾನ್ಯವಾಗಿ ಬೇಡ. ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ, ಜೊತೆಗೆ ಥೈರಾಯ್ಡಿನ ಮೇಲೆ ದೇಹವೇ ದಾಳಿ ಮಾಡುತ್ತಿದೆಯೇ ಎಂದು ತೋರಿಸುವ ಟಿಪಿಒ ಪ್ರತಿಕಾಯದ ಪರೀಕ್ಷೆಯನ್ನೂ ಮಾಡಿಸಿ. ಸುಸ್ತಿಗೆ ರಕ್ತಹೀನತೆಯೂ ಕಾರಣವಿರಬಹುದಾದ್ದರಿಂದ ಹಿಮೋಗ್ಲೋಬಿನ್ ನೋಡಿಸಿ. ಮಾತ್ರೆ ಆರಂಭವಾದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ, ಮತ್ತು ಆರು ವಾರಕ್ಕೆ ಮೊದಲು ಮರುಪರೀಕ್ಷೆ ಮಾಡಿಸಬೇಡಿ. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಈ ಸುತ್ತು ನಿಧಾನದ್ದು. ಮನೆಯ ಸೋಲಾರ್ ನೀರಿನ ನಲ್ಲಿಯಲ್ಲಿ ಬಿಸಿ ಬರಲಿಲ್ಲವೆಂದು ಪೂರ್ತಿ ತಿರುಗಿಸಿ, ಆಮೇಲೆ ಮೈ ಸುಟ್ಟುಕೊಂಡು, ಪೂರ್ತಿ ಮುಚ್ಚಿ ನಡುಗುವಂತೆ, ಎರಡೆರಡು ವಾರಕ್ಕೆ ಡೋಸು ಬದಲಿಸಿದರೆ ಟಿಎಸ್‌ಎಚ್ ಎರಡೂ ಕಡೆ ತೂಗಾಡುತ್ತದೆ.

ಕೊನೆಯದಾಗಿ ನಿಮ್ಮ ತಂದೆಯವರ ಮನೆಯ ಕೆಲಸ. ಒಂದು ತೂಕದ ಯಂತ್ರ ಕೊಳ್ಳಿ. ದಿನವೂ ಬೆಳಗ್ಗೆ ಅವರು ಮೂತ್ರ ಮಾಡಿ ಬಂದ ಮೇಲೆ, ಕಾಫಿಗೆ ಮೊದಲು, ಹೆಚ್ಚುಕಡಿಮೆ ಒಂದೇ ಬಗೆಯ ಬಟ್ಟೆಯಲ್ಲಿ ನಿಲ್ಲಿಸಿ ತೂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಊದುವವರೆಗೆ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ರಾತ್ರಿ ಬಚ್ಚಲಿಗೆ ಏಳುವಾಗ ಅವರು ಮೊದಲು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕೂರಲಿ, ಏಕೆಂದರೆ ನಿಂತೊಡನೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕೆಳಕ್ಕೆ ಇಳಿಯುತ್ತದೆ, ಮತ್ತು ಅದನ್ನು ಥಟ್ಟನೆ ಸರಿದೂಗಿಸುವ ಸುತ್ತನ್ನು ಆ ಮಾತ್ರೆಗಳು ಸ್ವಲ್ಪ ನಿಧಾನ ಮಾಡಿರುತ್ತವೆ. ಮುಂದಿನ ಬಾರಿ ವೈದ್ಯರ ಬಳಿ ಹೋಗುವಾಗ ರಿಪೋರ್ಟಿನ ಜೊತೆಗೆ ಆ ಕ್ಯಾಲೆಂಡರಿನ ಹಾಳೆಯನ್ನೂ ತೆಗೆದುಕೊಂಡು ಹೋಗಿ.